ಅಡುಗೆಮನೆಯ ಉಪಾಧ್ಯಕ್ಷೆ

“ಕೊನೆಗೂ ದೇಶಕ್ಕೊಬ್ಬ ಉಪಾಧ್ಯಕ್ಷರನ್ನ ನೇಮಿಸಿದ್ರು ಕಣಮ್ಮ,” ಎಂದು ಟೀವಿಯ ಮುಂದೆ ಕೂತಿದ್ದ ಮಾವ ಅಲೀಮ್ ಸೊಸೆ ಸುಹೈರ್‌ಗೆ ಹೇಳಿದರು. ಕೈರೋದ ಬೀದಿಗಳಲ್ಲಿ ಐದು ದಿನದಿಂದ ಗಲಾಟೆ, ಸಂಜೆಯಾದರೆ ಕರ್ಫ್ಯೂ. ಗಂಡ ಕೋಲು ಹಿಡಿದು ನೆರೆಯವರ ಜೊತೆ ಕೆಳಗೆ ಕಾವಲಿಗೆ ನಿಂತಿದ್ದ. ಸುಹೈರ್ ಮೇಜಿನ ಮೇಲೆ ರೊಟ್ಟಿ ಜೋಡಿಸುತ್ತಿದ್ದಳು.

“ಇಷ್ಟು ದಿನ ಇರಲಿಲ್ವಾ ಮಾವ?”

“ಮೂವತ್ತು ವರ್ಷದಿಂದ ಇಲ್ಲ. ಹಿಂದೆ ಒಬ್ಬ ಅಧ್ಯಕ್ಷರು ತೀರಿಕೊಂಡ್ರು, ಅವರ ಉಪಾಧ್ಯಕ್ಷರು ಮೇಲೆ ಬಂದ್ರು. ಅವರಿಗೆ ಗುಂಡು ಬಿತ್ತು, ಅವರ ಉಪಾಧ್ಯಕ್ಷರು ಬಂದ್ರು. ಹಾಗೆ ಬಂದವರೇ ಈಗಿನ ಅಧ್ಯಕ್ಷರು. ಇನ್ನೊಬ್ಬರನ್ನ ಪಕ್ಕದಲ್ಲಿ ಕೂರಿಸ್ಕೊಳ್ಳೋಕೆ ಇವರಿಗೇನು ಹುಚ್ಚಾ? ಈಗ ಕೂರಿಸ್ಕೊಂಡ್ರು ಅಂದ್ರೆ, ಗಂಟುಮೂಟೆ ಕಟ್ಟೋ ಹೊತ್ತು ಬಂತು ಅಂತಲೇ ಅರ್ಥ.”

“ನಮ್ಮನೇಲೂ ನಾನು ಬಂದ ಹನ್ನೆರಡು ವರ್ಷದಿಂದ ಆ ಜಾಗ ಖಾಲಿ,” ಎಂದು ಸುಹೈರ್ ಅಡುಗೆಮನೆಯತ್ತ ಕಣ್ಣು ಹಾಯಿಸಿದಳು.

“ತಾಳಮ್ಮ, ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ,” ಎಂದು ಮಾವ ನಕ್ಕರು.

ಅತ್ತೆ ಬಹೀಗಾ ಸೊಸೆಗೆ ಮುಲೂಖಿಯಾ ಸೊಪ್ಪು ಹೆಚ್ಚಲು ಕೊಡುತ್ತಿದ್ದರೇ ಹೊರತು, ಆ ಸೊಪ್ಪಿನ ಸಾರಿಗೆ ಒಗ್ಗರಣೆ ಹಾಕಲು ಒಂದು ದಿನವೂ ಬಿಟ್ಟವರಲ್ಲ. ಬೆಳ್ಳುಳ್ಳಿಯ ಒಗ್ಗರಣೆ ಸಾರಿಗೆ ಬೀಳುವಾಗ ಹಾಕುವವಳು ಬೆಚ್ಚಿಬಿದ್ದವಳಂತೆ ಜೋರಾಗಿ ಉಸಿರೆಳೆದುಕೊಳ್ಳಬೇಕು, ಇಲ್ಲದಿದ್ದರೆ ರುಚಿ ಹತ್ತುವುದಿಲ್ಲ ಎಂಬುದು ಅಲ್ಲಿನವರ ನಂಬಿಕೆ. ಅತ್ತೆಯ ಉಸಿರಂತೂ ಕೆಳಗಿನ ಮಹಡಿಗೂ ಕೇಳಿಸುತ್ತಿತ್ತು.

“ಸುಹೈರ್, ಸ್ವಲ್ಪ ಬಾ,” ಎಂದು ಅಡುಗೆಮನೆಯಿಂದ ಅತ್ತೆ ಕರೆದರು.

ಒಳಗೆ ಅತ್ತೆ ಮುಖ ಬಿಳಿಚಿಕೊಂಡು, ಎದೆಗೆ ಕೈಯೊತ್ತಿ ಸ್ಟೂಲಿನ ಮೇಲೆ ಕೂತಿದ್ದರು. “ಒಗ್ಗರಣೆ ನೀನು ಹಾಕು,” ಎಂದರು ಪಿಸುದನಿಯಲ್ಲಿ.

ಇಷ್ಟು ವರ್ಷ ಆಸೆಪಟ್ಟದ್ದು ಕೈಗೆ ಬಂದಾಗ ಸುಹೈರ್‌ಗೆ ಭಯವಾಯಿತು. “ಏನಾಯ್ತು ಅತ್ತೆ?”

“ಮೆಲ್ಲಗೆ ಮಾತಾಡು. ಉಸಿರು ಎಳೆಯೋಕೆ ಆಗ್ತಿಲ್ಲ ಕಣೆ. ನಿಮ್ಮ ಮಾವನಿಗೆ ಗೊತ್ತಾದ್ರೆ ಡಾಕ್ಟರನ್ನ ಹುಡುಕ್ಕೊಂಡು ಈ ಗುಂಡಿನ ಮಧ್ಯೆ ಹೊರಟೇಬಿಡ್ತಾರೆ. ಬೆಳಗ್ಗೆ ಕರ್ಫ್ಯೂ ತೆಗೀಲಿ, ನೀನೇ ಕರ್ಕೊಂಡು ಹೋಗು. ಹಾಕೇ, ಬೆಳ್ಳುಳ್ಳಿ ಸೀಯುತ್ತೆ.”

ಸುಹೈರ್ ಬಾಣಲೆ ಎತ್ತಿ ಸುರಿದಳು. ಚೊಂಯ್ ಎನ್ನುತ್ತಿದ್ದಂತೆ, ಅತ್ತೆಯ ಹಾಗೆಯೇ, ಎದೆ ತುಂಬ ಉಸಿರೆಳೆದಳು. ಬಹೀಗಾ ಸೊಸೆಯ ಕೈ ಹಿಡಿದುಕೊಂಡರು.

“ಕೇಳಿದ್ಯಾ ಸುಹೈರ್, ಎಂಥ ಉಸಿರು ನಿಮ್ಮತ್ತೇದು,” ಎಂದು ಮಾವ ಟೀವಿಯ ಮುಂದಿನಿಂದಲೇ ನಗುತ್ತ ಕೂಗಿದರು. “ಇನ್ನೂ ಮೂವತ್ತು ವರ್ಷ ಆ ಕೆಲಸ ನಿನಗೆ ಸಿಗಲ್ಲ ಬಿಡು.”