ಗೆದ್ದವನ ಪಾಲು

ವಿಶ್ವ ಈಜುಕೂಟದ ಐವತ್ತು ಮೀಟರ್ ಫ್ರೀಸ್ಟೈಲ್ ಫೈನಲ್‌ನಲ್ಲಿ ಗೋಡೆ ಮುಟ್ಟಿ ತಲೆಯೆತ್ತಿದಾಗ ಬೋರ್ಡಿನ ಮೇಲ್ತುದಿಯಲ್ಲಿ ಲೋಹಿತನ ಹೆಸರಿತ್ತು. ಗ್ಯಾಲರಿಯಲ್ಲಿ ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಈಜುಗಾರರ ಕಿವಿಯ ಹಿಂದೆ ಅಂಟಿಸಿದ ಬಿಲ್ಲೆ ಅವರ ಮನಸ್ಸಿಗೆ ಆದ ಖುಷಿ, ದುಃಖವನ್ನೆಲ್ಲ ಹೀರಿ, ಟಿಕೆಟ್ ಕೊಂಡವರು ಎಲ್ಲೇ ಇದ್ದರೂ ಅವರಿಗೆ ಹಂಚುತ್ತಿತ್ತು. ಹಂಚಿದ್ದು ಈಜಿದವರಿಗೆ ವಾಪಸ್ ಬರುತ್ತಿರಲಿಲ್ಲ. ಪತ್ರಕರ್ತರೂ ಮೈಕು ಹಿಡಿದು ಗ್ಯಾಲರಿಗೇ ಓಡಿದರು. ಲೋಹಿತ ಟವೆಲಿನಲ್ಲಿ ತಲೆ ಒರೆಸಿಕೊಂಡ. ಪಕ್ಕದಲ್ಲಿ ಎಂಟನೆಯವನಾಗಿ ಬಂದವನೂ ಒರೆಸಿಕೊಳ್ಳುತ್ತಿದ್ದ. ಇಬ್ಬರ ಮುಖವೂ ಒಂದೇ ಥರ ಇತ್ತು.

ಮಂಡ್ಯದ ಮನೆಯಲ್ಲಿ ಟಿಕೆಟ್ ಹಾಕಿಸಿಕೊಂಡು ಕೂತಿದ್ದ ಅವ್ವ ಫೋನ್ ಮಾಡಿದಳು.

“ಏನ್ ಖುಸಿ ಆಯ್ತ್ಲಾ ಮಗಾ! ಎದೆ ಒಡೆದೋಯ್ತದೆ ಅನ್ನಿಸ್ತು. ಆದ್ರೆ ಗೋಡೆ ಮುಟ್ಟೋವಾಗ ನಿಮ್ಮಪ್ಪನ್ನ ಯಾಕ್ಲಾ ನೆನೆಸ್ಕಂಡೆ? ನಮ್ ಬೀದಿ ಜನ್ವೆಲ್ಲ ಗೋಳೋ ಅಂತ ಅತ್ರು.”

ಹೋದ ತಿಂಗಳು ತೀರಿಕೊಂಡ ಅಪ್ಪನನ್ನು ಲೋಹಿತ ಮತ್ತೊಮ್ಮೆ ನೆನೆಸಿಕೊಂಡು ನೋಡಿದ. ನಾಲೆಯಲ್ಲಿ ಹೊಟ್ಟೆಯಡಿ ಕೈ ಕೊಟ್ಟು ಈಜು ಕಲಿಸಿದ್ದ ಅಪ್ಪ. ಮುಖ ಸ್ಪಷ್ಟವಾಗಿಯೇ ಕಂಡಿತು. ಅಷ್ಟೇ.

“ಹೆಂಗಿತ್ತವ್ವ ಅದು? ವಸಿ ಬಿಡಿಸಿ ಹೇಳು,” ಎಂದು ಫೋನನ್ನು ಕಿವಿಗೆ ಒತ್ತಿಕೊಂಡ.