‘ಡಿಸೆಂಡ್ ಫ್ರಮ್’ಗೆ ನಾನು ಕೊಟ್ಟ ಉದಾಹರಣೆ

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಮುದುಕನಾದೆ. ಇವತ್ತು ಮೊಮ್ಮಗಳು ಇಂಗ್ಲಿಷ್ ಪಾಠದಲ್ಲಿ ‘ಡಿಸೆಂಡ್ ಫ್ರಮ್’ ಎಂದು ಓದಿದಳು; ಇನ್ನು ಮುಂದೂಡಲಾರೆ.

ನಾನು ಓದುತ್ತಿದ್ದ ಸೇಡಂ ಶಾಲೆಯಲ್ಲಿ ಒಂದು ಮಧ್ಯಾಹ್ನ ಮಾಸ್ತರರು ಇದೇ ಪದ ಕಲಿಸುತ್ತ, “ಇಂಥವರ ವಂಶದಾಗ ಹುಟ್ಟೀವಿ ಅನ್ನಾಕ ಇದನ್ನ ಬಳಸ್ತಾರ. ಏಳಲೇ, ಒಂದು ಉದಾಹರಣೆ ಹೇಳು,” ಎಂದು ಹೊಡೆಯಲು ಹಸಿ ಹುಣಸೆ ಬರಲು ಎತ್ತಿ ಹಿಡಿದು ನನ್ನೆದುರು ನಿಂತರು. ಎಲೆ ಕಿತ್ತ ಗಂಟುಗಳು ಇನ್ನೂ ಒದ್ದೆಯಾಗಿದ್ದವು. ಹೆದರಿಕೆಗೆ ನನ್ನ ಅಜ್ಜನ ಹೆಸರೂ ನೆನಪಾಗಲಿಲ್ಲ. ಯಾರ ಮುಂದೂ ಆಡಬ್ಯಾಡ ಎಂದು ಅವ್ವ ಹೇಳಿದ್ದ ಮಾತೇ ಬಾಯಿಗೆ ಬಂತು.

ಪಕ್ಕದ ಗೆಳೆಯನನ್ನು ತೋರಿಸಿ, “ಇವಂಗ ವಂಶಾನೇ ಇಲ್ರಿ ಸರ. ಕೂಸಿದ್ದಾಗ ವಾಡಿ ಸ್ಟೇಷನ್ದಾಗ ಸಿಕ್ಕಾನಂತ್ರಿ,” ಎಂದೆ.

ಹುಡುಗರು ನಕ್ಕರು. ಬರಲು ಕೆಳಗಿಳಿಯಿತು.

ಅವನು ನನ್ನ ಅಂಗಿ ಹಿಡಿದು, “ನಮ್ಮವ್ವ ನನ್ನ ಹಡೆದಿಲ್ಲೇನೋ?” ಎಂದು ಮೆಲ್ಲಗೆ ಕೇಳಿದ.

ನಾನು ಅಂಗಿ ಬಿಡಿಸಿಕೊಂಡು ಕುಳಿತೆ. ಇಂದಿಗೂ ಅವನ ಕ್ಷಮೆ ಕೇಳಿಲ್ಲ. ಅವನ ಹೆಸರು ಶರಣಪ್ಪ.