ಮದುಮಗನ ಕೈಗಳು

‘ಥೂ! ಕೈ ಹೇಳಿದ ಮಾತು ಕೇಳುವುದೇ ಇಲ್ಲ. ಕಾಫಿ ಕುಡಿಯಲು ಹೋದರೆ ಮೈಮೇಲೆಲ್ಲ ಚೆಲ್ಲಿತು. ಅಸಹ್ಯ.’

ಆ ಬೆಳಿಗ್ಗೆ ವಿಕಾಸ್ ಓದಿದ ಮೂವತ್ತೊಂದನೆಯ ಅಭಿಪ್ರಾಯ ಅದು. ಅದಕ್ಕೂ ಒಂದೇ ಸ್ಟಾರ್. ಅದರ ಹಿಂದಿನದರಲ್ಲಿ ಇನ್ನೊಬ್ಬ ಬರೆದಿದ್ದ: ‘ಅಂಗಿಯ ಒಂದು ಗುಂಡಿ ಹಾಕಲು ಹದಿನೈದು ನಿಮಿಷ. ಇದನ್ನು ಮಾಡಿದವರಿಗೆ ನಾಚಿಕೆಯಾಗಬೇಕು.’

ವಿಕಾಸನಿಗೆ ನಾಚಿಕೆಯಾಗಲಿಲ್ಲ, ಹೇಸಿಗೆಯಾಯಿತು. ಚೈತಾಲಿಯ ಮೇಲೆ.

ಮಣಿಪಾಲದ ಆ ಪುಟ್ಟ ಆಫೀಸಿನಲ್ಲಿ ಅವರಿಬ್ಬರೂ ನಾಲ್ಕು ವರ್ಷ ಕೂತು ಮಾಡಿದ ಆಟ ‘ಮುಹೂರ್ತಕ್ಕೆ ಹತ್ತು ನಿಮಿಷ’. ವಿಆರ್ ಕನ್ನಡಕ ಹಾಕಿಕೊಂಡರೆ ನೀವೇ ಮದುಮಗ. ಬೀಗ ಬಿದ್ದ ಕಪಾಟಿನಿಂದ ತಾಳಿ ತೆಗೆಯಬೇಕು, ಎಲ್ಲೋ ಸೇರಿಕೊಂಡ ಒಂಟಿ ಚಪ್ಪಲಿ ಹುಡುಕಬೇಕು. ಕೋಣೆಗೊಂದು ಒಗಟು, ಹೆಜ್ಜೆಗೊಂದು ತಮಾಷೆ. ಮೊದಲ ಐದು ಕೋಣೆಗಳನ್ನು ಆಡಿದವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಕಳೆದ ತಿಂಗಳು ಆರನೆಯದು ಬಂತು. ಅದರಲ್ಲಿ ಮದುಮಗನ ಕೈಗಳು ನಡುಗುತ್ತಿದ್ದವು.

ಕೈಗಳ ಕೆಲಸ ಪೂರ್ತಿ ಚೈತಾಲಿಯದು. ಯಾರಾದರೂ ವಿಶೇಷ ಕೈಗವಸು ಹಾಕಿಕೊಂಡು ಕೈಯಾಡಿಸಿದರೆ ಕಂಪ್ಯೂಟರ್ ಆ ಚಲನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ; ಆಟದೊಳಗಿನ ಕೈ ಹಾಗೆಯೇ ಆಡುತ್ತದೆ. ಐದು ಕೋಣೆಗಳಿಗೆ ಕೈ ಕೊಟ್ಟವನು ಆಗ ಆಫೀಸಿನಲ್ಲಿ ಜೊತೆಗಿದ್ದ ರೋಶನ್. ಅವನು ಜಗಳವಾಡಿ ಹೋಗಿ ಉಡುಪಿಯಲ್ಲಿ ಸ್ವಂತ ಕಂಪೆನಿ ತೆರೆದಿದ್ದ. ಆರನೆಯದನ್ನು ಚೈತಾಲಿ ಕಾಪುವಿನ ತನ್ನ ಮನೆಯಲ್ಲೇ ದಾಖಲಿಸಿ ತಂದಿದ್ದಳು.

“ಯಾರ ಕೈ ಮಾರಾಯ್ತಿ ಇದು?” ಎಂದು ವಿಕಾಸ್ ಕೇಳಿದ್ದ.

“ಮನೆಯವರದ್ದೇ.”

“ಸರಿಮಾಡು ಇದನ್ನು.”

“ಸರಿಯಾಗುವುದಿಲ್ಲ ವಿಕಾಸ್. ನಾನು ಕೇಳದ ಕಡೆ ಇಲ್ಲ.”

ಕೆಲಸ ಬಲ್ಲವಳು ಆಡುವ ಮಾತೇ ಅದು? ಅವನಿಗೆ ಸಂಶಯ ಬಂದದ್ದು ಆಗಲೇ. ಆಮೇಲೆ ಎಲ್ಲವೂ ಕಣ್ಣಿಗೆ ಬೀಳತೊಡಗಿತು. ಪ್ರತಿ ಮಂಗಳವಾರ ಮಧ್ಯಾಹ್ನ ಅವಳು ಹೇಳದೆ ಕೇಳದೆ ಎದ್ದು ಹೋಗುತ್ತಿದ್ದಳು. ರೋಶನ್‌ನ ಹತ್ತಿರವಲ್ಲದೆ ಇನ್ನೆಲ್ಲಿಗೆ? ಹೊಸ ಒಪ್ಪಂದದ ಕಾಗದ ಮುಂದಿಟ್ಟರೆ ಮೂರು ಸಲವೂ “ಆಮೇಲೆ ಸಹಿ ಹಾಕುತ್ತೇನೆ” ಎಂದಿದ್ದಳು. ಕೀಲಿಮಣೆ ಮುಟ್ಟುವುದನ್ನೂ ಬಿಟ್ಟು, ಕೈಗಳನ್ನು ದುಪ್ಪಟ್ಟಾದೊಳಗೆ ಸುತ್ತಿಕೊಂಡು ಕಂಪ್ಯೂಟರಿಗೆ ಬಾಯಿಮಾತಿನಲ್ಲೇ ಅಪ್ಪಣೆ ಕೊಡುತ್ತಿದ್ದಳು, ಮಹಾರಾಣಿಯ ಹಾಗೆ.

ಊಟದ ವಿಷಯವಂತೂ ನೆನೆದರೆ ಈಗಲೂ ಅವನಿಗೆ ವಾಕರಿಕೆ. ತಟ್ಟೆಯ ಸುತ್ತ ಅನ್ನ, ಮೇಜಿನ ಮೇಲೆ ಸಾರು, ಒಮ್ಮೆ ಅವನ ಅಂಗಿಯ ಮೇಲೂ. ಸಣ್ಣ ಮಕ್ಕಳೂ ಹಾಗೆ ತಿನ್ನುವುದಿಲ್ಲ. ಅವನು ಕುರ್ಚಿಯನ್ನು ಆಚೆ ಎಳೆದುಕೊಂಡಿದ್ದ. ಅವಳು ನೋಡಿದಳು. ಮರುದಿನದಿಂದ ಜೊತೆಗೆ ಊಟಕ್ಕೆ ಬರಲಿಲ್ಲ.

ಇವತ್ತು ಕೊನೆಯ ಪೆಟ್ಟು. ಆಟವನ್ನು ಹೊರದೇಶಗಳಿಗೆ ಒಯ್ಯಲು ಒಪ್ಪಿದ್ದ ಕಂಪೆನಿ ಬರೆದಿತ್ತು: ಶುಕ್ರವಾರದೊಳಗೆ ಕೈಗಳು ಸರಿಯಾಗದಿದ್ದರೆ ನಾವಿಲ್ಲ. ಚೈತಾಲಿ ಮೂರು ದಿನದಿಂದ ರಜೆ. ಫೋನ್ ಎತ್ತುತ್ತಿರಲಿಲ್ಲ.

ವಿಕಾಸ್ ಅವಳನ್ನು ಕೆಲಸದಿಂದ ತೆಗೆದ ಪತ್ರವನ್ನು ಮುದ್ರಿಸಿ ಕಿಸೆಯಲ್ಲಿಟ್ಟುಕೊಂಡು ಕಾರು ಹತ್ತಿದ.

ಕಾಪುವಿನಲ್ಲಿ ಅವಳ ಮನೆಯ ಬಾಗಿಲು ತೆರೆದೇ ಇತ್ತು. ಚಾವಡಿಯ ಕುರ್ಚಿಯಲ್ಲಿ ಅವಳ ತಂದೆ ದೇಜಪ್ಪ ಕುಳಿತಿದ್ದರು. ಮೂವತ್ತು ವರ್ಷ ಬೋಟಿನಲ್ಲಿ ದುಡಿದ ಮನುಷ್ಯ. ಎರಡೂ ಕೈಗಳು ಬೈರಾಸು ಬಟ್ಟೆಯೊಳಗೆ ಅಡಗಿದ್ದವು. ಬಿಳಿ ಬನಿಯನ್ನಿನ ಎದೆಯ ಮೇಲೆ ಮೀನಿನ ಸಾರಿನ ಕಲೆ. ಪಕ್ಕದ ಸ್ಟೂಲಿನ ಮೇಲೆ ಮುಚ್ಚಳವಿರುವ ಲೋಟ, ಅದಕ್ಕೊಂದು ಸ್ಟ್ರಾ.

ಮೆಟ್ಟಿಲ ಮೇಲಿಟ್ಟ ಕಾಲು ಅಲ್ಲೇ ನಿಂತಿತು. ‘ಮನೆಯವರದ್ದೇ.’

“ಬನ್ನಿ, ಕೂತುಕೊಳ್ಳಿ” ಎಂದರು ದೇಜಪ್ಪ. ಎದ್ದು ಕೈ ಮುಗಿಯಲಿಲ್ಲ.

ಒಳಗಿನಿಂದ ಚೈತಾಲಿ ಬಂದು ಬಾಗಿಲಿಗೆ ಒರಗಿ ನಿಂತಳು. ಅದೇ ದುಪ್ಪಟ್ಟಾ.

ವಿಕಾಸ್ ದನಿ ತಗ್ಗಿಸಿದ. “ಯಾರ ಕೈ ಅಂತ ಈಗ ಗೊತ್ತಾಯಿತು. ಮೊದಲೇ ಹೇಳಬಾರದಿತ್ತಾ?”

ಅವಳ ಮುಖ ಬಿಳುಚಿತು. “ಹೇಳಿದ್ದರೆ ಇಟ್ಟುಕೊಳ್ತಿದ್ದೆಯಾ?”

“ಆಟದಲ್ಲಿ ಖಂಡಿತ ಇಲ್ಲ. ಯಾಕೆ ಹಾಕಿದೆ? ಅದು ತಮಾಷೆಯ ಆಟ.”

“ಅದಕ್ಕೇ ಹಾಕಿದ್ದು. ಜನ ನಗುತ್ತಾರೆ ಅಂದುಕೊಂಡೆ. ನಕ್ಕರೆ ಎಷ್ಟೋ ಹಗುರ ಅಲ್ವಾ? ಯಾರೂ ನಗಲಿಲ್ಲ. ಎಲ್ಲರಿಗೂ ಹೇಸಿಗೆಯೇ ಆಯ್ತು.”

ಮೂವತ್ತೊಂದು ಅಭಿಪ್ರಾಯಗಳು ವಿಕಾಸನ ತಲೆಯಲ್ಲಿ ಸಾಲಾಗಿ ಹಾದುಹೋದವು. ಈಗ ಅವನಿಗೆ ಅಸಹ್ಯವಾದದ್ದು ಅವುಗಳ ಬಗ್ಗೆ. ಪಾಪದ ಮುದುಕ, ಸಮುದ್ರದಲ್ಲಿ ಸವೆದ ಕೈ. “ಅವರಿಗೆ ಇದನ್ನೆಲ್ಲ ಓದಿ ಹೇಳಲಿಲ್ಲ ತಾನೆ?” ಎಂದು ಪಿಸುಗುಟ್ಟಿದ.

ಚೈತಾಲಿ ಅರ್ಥವಾಗದವಳಂತೆ ಅವನನ್ನು ನೋಡಿದಳು. ಆಮೇಲೆ ತಂದೆಯ ಕಡೆ ನೋಡಿದಳು.

“ಮಾತು ಆಮೇಲೆ. ಊಟದ ಹೊತ್ತು ಮೀರಿತು ಮಗಾ” ಎಂದರು ದೇಜಪ್ಪ. ಬೈರಾಸಿನಲ್ಲಿ ಒದ್ದೆ ಕೈಗಳನ್ನು ಒರೆಸಿ ಮುಗಿಸಿ ಹೆಗಲಿಗೆ ಹಾಕಿಕೊಂಡರು. ಒಳಗಿನಿಂದ ತಟ್ಟೆ ತಂದು ಕೂತರು. ಅನ್ನಕ್ಕೆ ಸಾರು ಕಲಸಿದರು. ಬೂತಾಯಿ ಮೀನಿನ ಕೂದಲೆಳೆಯಂಥ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸಿ ತಟ್ಟೆಯಂಚಿಗಿಟ್ಟರು. ಬೆರಳು ಒಂದಿಷ್ಟೂ ಅಲುಗಲಿಲ್ಲ.

ಆಮೇಲೆ ಆ ತುತ್ತನ್ನು ಎತ್ತಿ, ಇಪ್ಪತ್ತೊಂಬತ್ತು ವರ್ಷದ ಮಗಳ ಬಾಯಿಗೆ ಹಿಡಿದರು.